ಹುಟ್ಟಿದ ಊರಿಗೂ ವೀಸಾ

ದೀಪಕ್ ಉನ್ನಿಕೃಷ್ಣನ್ ಅವರ ‘ಟೆಂಪರರಿ ಪೀಪಲ್’ 2017ರಲ್ಲಿ ಹೊರಬಂದ ಇಂಗ್ಲಿಷ್ ಕಥನ. ಕೇರಳದಲ್ಲಿ ಹುಟ್ಟಿದ ಲೇಖಕರು ಬೆಳೆದದ್ದು ಅಬುಧಾಬಿಯಲ್ಲಿ. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳ ಮಕ್ಕಳು ಆ ಕೊಲ್ಲಿಯ ನಾಡುಗಳಲ್ಲೇ ಕಣ್ಣು ಬಿಟ್ಟವರಾದ್ದರಿಂದ ಈ ಪುಸ್ತಕ ನಮಗೆ ಪರಕೀಯವೇನಲ್ಲ.

ಒಂದಕ್ಕೊಂದು ಹೆಣೆದ 28 ಕಥೆಗಳು ಇಲ್ಲಿವೆ. ಒಂದರಲ್ಲಿ ಕೂಲಿಯೊಬ್ಬ ಪಾಸ್‌ಪೋರ್ಟನ್ನು ನುಂಗಿ ತಾನೇ ಪಾಸ್‌ಪೋರ್ಟಾಗುತ್ತಾನೆ. ಜೊತೆಗಾರ ಸೂಟ್‌ಕೇಸ್ ನುಂಗಿ ಸೂಟ್‌ಕೇಸಾಗುತ್ತಾನೆ. ಮೂರನೆಯವನು ಇಬ್ಬರನ್ನೂ ಎತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಓಡುತ್ತಾನೆ. ಇನ್ನೊಂದರಲ್ಲಿ, ಕಟ್ಟಡಗಳಿಂದ ಬಿದ್ದ ಕೆಲಸಗಾರರನ್ನು ರಾತ್ರಿಯಲ್ಲಿ ಹುಡುಕಿ ಅಂಟು ಹಚ್ಚಿ ಜೋಡಿಸುವ ಹೆಂಗಸು ಬರುತ್ತಾಳೆ. ಈ ಕಥೆಯೊಂದಕ್ಕಾಗಿಯೇ ಪುಸ್ತಕ ಕೊಳ್ಳಬಹುದು.

ಭಾಷೆಯ ವಿಚಾರದಲ್ಲಿ ಲೇಖಕರ ಧೈರ್ಯ ಮೆಚ್ಚತಕ್ಕದ್ದು. ಅರಬ್ಬಿಯಲ್ಲಿ ‘ಪ’ಕಾರವಿಲ್ಲ, ಹಾಗಾಗಿ ಇಲ್ಲಿ ‘ಚಾಪ್ಟರ್’ಗಳಿಲ್ಲ, ‘ಚಾಬ್ಟರ್’ಗಳಿವೆ. ಮನೆಯಲ್ಲಿ ಮಲಯಾಳ, ಬೀದಿಯಲ್ಲಿ ಅರಬ್ಬಿ, ಶಾಲೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಹುಡುಗನ ಕಿವಿ ಇದು. ಕೆಲವು ಕಥೆಗಳು ಮಾತ್ರ ಒಂದೇ ಚಮತ್ಕಾರವನ್ನು ಎಳೆದೆಳೆದು ಸೋಲುತ್ತವೆ.

ನನ್ನ ತಕರಾರು ಬೇರೆ. ಮೇಲಿನಿಂದ ಬೀಳುವ ಕೂಲಿಗೆ ಸಿಕ್ಕ ಜಾಗ ಅಲ್ಲಿಯೇ ಹುಟ್ಟಿದ ಮಗುವಿಗೆ ಸಿಕ್ಕಿಲ್ಲ. ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥ ಗುಮಾಸ್ತನಿಗೆ, ಪಾಸ್‌ಪೋರ್ಟ್ ನುಂಗುವವನಿಗಿಂತ ಆ ಮಗುವಿನ ಕಾಗದಪತ್ರಗಳೇ ಹೆಚ್ಚು ವಿಚಿತ್ರವಾಗಿ ಕಾಣುತ್ತವೆ. ಯು.ಎ.ಇ.ಯಲ್ಲಿ ಪರದೇಶಿ ನೌಕರನ ಮಗುವಿಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವವಿಲ್ಲ. 120 ದಿನಗಳೊಳಗೆ ಅದಕ್ಕೆ ವಾಸದ ವೀಸಾ ಮಾಡಿಸಬೇಕು. ತಂದೆಯ ನೌಕರಿ ಹೋದರೆ ಮಗುವಿನ ವೀಸಾಕ್ಕೂ ಕುತ್ತು. 2022ರ ಸುಧಾರಣೆಯಿಂದ ಅವಿವಾಹಿತ ಗಂಡುಮಗನನ್ನು 25 ವರ್ಷದವರೆಗೆ ತಂದೆ ತನ್ನ ಆಶ್ರಯದಲ್ಲಿ ಇರಿಸಿಕೊಳ್ಳಬಹುದು. ಅನಂತರ ಅವನು ತನ್ನ ಹೆಸರಿನಲ್ಲೇ ವೀಸಾ ಪಡೆಯಬೇಕು, ಇಲ್ಲವೇ ಊರು ಬಿಡಬೇಕು.

ಅರಬರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ಪೌರತ್ವ ಕಾಯಿದೆಯಲ್ಲೂ 2004ರ ಡಿಸೆಂಬರ್ 3ರಿಂದ ಈಚೆಗೆ ವಿದೇಶದಲ್ಲಿ ಹುಟ್ಟಿದ ಕೂಸಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಎರಡೂ ಇಲ್ಲದಿದ್ದರೆ, ತಂದೆತಾಯಿ ಭಾರತೀಯರಾಗಿದ್ದರೂ ಮಗು ಭಾರತೀಯನಲ್ಲ! ಮಗಳ ಬಾಣಂತನಕ್ಕೆಂದು ದುಬೈಗೆ ಹೋಗುವ ವಾಚಕಿಯರು ಲೇಹ್ಯದ ಡಬ್ಬಿಯ ಜೊತೆಗೆ ಈ ಮಾತನ್ನೂ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಪುಸ್ತಕದ ಕೊನೆಯ ಭಾಗದ ಹೆಸರು ‘ವೀಡ್’. ಮಲಯಾಳದಲ್ಲಿ ಮನೆ ಎಂದರ್ಥ. ನಮ್ಮ ‘ಬೀಡು’ ಅದರ ಒಡಹುಟ್ಟು. ಓದುವಾಗ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ನೆನಪಾದರು. ನಾವು ‘ಊರು’ ಎಂದಾಗ ಅವರು ‘ನಿಮ್ಮ ಊರು’ ಎನ್ನುತ್ತಾರೆ, ನಮಗೆ ಚುರುಕ್ಕೆನ್ನುತ್ತದೆ. ಆದರೆ ಅವರಿಗೆ ಇಲ್ಲಿ ಓಟಿದೆ, ರೇಷನ್ ಕಾರ್ಡಿದೆ. ನಾನು ನಿವೃತ್ತನಾದೆನೆಂದು ಯಾರೂ ಅವರನ್ನು ಗಡಿ ದಾಟಿಸುವುದಿಲ್ಲ. ಹಾಗಾಗಿ ಅವರನ್ನೂ ಕೊಲ್ಲಿಯ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎಲ್ಲರೂ ಅನಿವಾಸಿಗಳೇ ಎಂದು ನಿಟ್ಟುಸಿರುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಉನ್ನಿಕೃಷ್ಣನ್ ಅಮೆರಿಕಕ್ಕೆ ಹೋಗಿ ಓದಿ, ಮುಂದೆ ಅಬುಧಾಬಿಗೇ ಅಧ್ಯಾಪಕರಾಗಿ ಹಿಂತಿರುಗಿದರು. ಬೆಳೆದ ಊರಿಗೆ ನೌಕರಿ ಹಿಡಿದು ಬಂದ ಆ ಕಥೆಯನ್ನು ಅವರು ಬರೆದರೆ ಮೊದಲು ಕೊಳ್ಳುವವರಲ್ಲಿ ನಾನೂ ಒಬ್ಬ.