‘ಶಿಕ್ಷಕರ ಕ್ಷೇತ್ರ’: ಒಂದು ಅರ್ಥವಿಚಾರ

‘ಶಿಕ್ಷಕರ ಕ್ಷೇತ್ರ’ವೆಂದರೆ ಶಿಕ್ಷಕರು ಆರಿಸುವ ಕ್ಷೇತ್ರವೋ, ಶಿಕ್ಷಕರಿಗೆ ಮೀಸಲಾದ ಕ್ಷೇತ್ರವೋ? ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೂ, 25ನ್ನು ವಿಧಾನ ಸಭೆಯವರೂ, 7ನ್ನು ಪದವೀಧರರೂ, 7ನ್ನು ಶಿಕ್ಷಕರೂ ಚುನಾಯಿಸುತ್ತಾರೆ. ಉಳಿದ 11 ರಾಜ್ಯಪಾಲರ ನಾಮಕರಣಕ್ಕೆ ಸೇರಿದವು.

ಕಾಳೀತೀರದ ಗಣೇಶಗುಡಿಯು ಕರ್ನಾಟಕ ಪಶ್ಚಿಮ ಶಿಕ್ಷಕರ ಕ್ಷೇತ್ರದೊಳಗಿನ ಊರು. ಅಂಥ ಊರಿನಲ್ಲಿ, ಹಿಂದಿನ 6 ವರ್ಷಗಳೊಳಗೆ 3 ವರ್ಷ ಪಾಠ ಹೇಳಿದ ಪ್ರೌಢಶಾಲೆಯ ಉಪಾಧ್ಯಾಯರು ಮತದಾರರಾಗಬಲ್ಲರು. ಅಕ್ಷರಾಭ್ಯಾಸ ಮಾಡಿಸುವ ಪ್ರಾಥಮಿಕ ಶಾಲೆಯವರಿಗೆ ಆ ಹಕ್ಕಿಲ್ಲ. ಮತದಾರರಿಗೇ ಇಷ್ಟು ಕಟ್ಟುಪಾಡಿರುವಾಗ ಅಭ್ಯರ್ಥಿಯೂ ಶಿಕ್ಷಕನಾಗಿರಬೇಕೆಂದು ಊಹಿಸುವುದು ಸಹಜ. ಸಂವಿಧಾನದ 171ನೆಯ ಅನುಚ್ಛೇದವು ಹಾಗೆ ಹೇಳುವುದಿಲ್ಲ. ಪದವೀಧರರ ಕ್ಷೇತ್ರದ ಅಭ್ಯರ್ಥಿಗೆ ಪದವಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ನಿರ್ಣಯಿಸಿತು. ಶಿಕ್ಷಕರ ಕ್ಷೇತ್ರದ ವಾಕ್ಯರಚನೆಯೂ ಅದೇ ಬಗೆಯದು.

ಯೋಗ್ಯತೆಯನ್ನು ಸದಸ್ಯನಲ್ಲಿಯೇ ಅರಸುವುದು ನಾಮಕರಣದ ವಾಕ್ಯವೊಂದೇ: ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವ. ಉತ್ತರ ಕನ್ನಡದ ಶಾಂತಾರಾಮ ಸಿದ್ದಿಯವರು 2020ರಲ್ಲಿ ಈ ದಾರಿಯಿಂದ ಪರಿಷತ್ತನ್ನು ಪ್ರವೇಶಿಸಿದರು. ಸಿದ್ದಿ ಸಮುದಾಯದಿಂದ ರಾಜ್ಯದ ಶಾಸನಮಂಡಲಕ್ಕೆ ಬಂದವರಲ್ಲಿ ಅವರೇ ಮೊದಲಿಗರು.

ಆದಕಾರಣ ಮೇಲಿನ ಎರಡು ಅರ್ಥಗಳಲ್ಲಿ ಮೊದಲನೆಯದೇ ಗ್ರಾಹ್ಯ. ಎಂದೂ ಪಾಠ ಹೇಳದವನು ಶಿಕ್ಷಕರ ಪ್ರತಿನಿಧಿಯಾಗಬಹುದು. ಮೊದಲ ಅಕ್ಷರ ಕಲಿಸಿದವನು ಅವನನ್ನು ಆರಿಸಲಾರನು. ದೋಷವು ಹೆಸರಿನದಲ್ಲ, ವಿಧಿಯದು.