ಬೇಸಿಗೆಯ ಲಿಂಬೆಗೆ ಗಿಡ ತೆರುವ ಬೆಲೆ

ಇಂಡಿ, ಸಿಂದಗಿ ಸೀಮೆಯ ಲಿಂಬೆ ಬೆಳೆಗಾರರಿಗೆ ವರ್ಷಕ್ಕೆ ಮೂರು ಬಹಾರ, ಅಂದರೆ ಹೂವಿನ ಕಾಲ. ಜನವರಿ, ಫೆಬ್ರವರಿಯಲ್ಲಿ ಹೂ ಬಿಡುವುದು ಅಂಬೆ, ಮುಂಗಾರಿನ ಜೊತೆ ಬರುವುದು ಮೃಗ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗಿನದು ಹಸ್ತ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಅಂಬೆಗೆ ಹೂವು ಹೆಚ್ಚು, ಹಸ್ತಕ್ಕೆ ತೀರ ಕಡಿಮೆ. ಆದರೆ ಹೂವಿನಿಂದ ಕೊಯ್ಲಿಗೆ ಐದಾರು ತಿಂಗಳು ಬೇಕು. ಅಂಬೆಯ ಕಾಯಿ ಮಳೆಗಾಲದಲ್ಲಿ ಬಂದು ಸಿಕ್ಕ ದರಕ್ಕೆ ಹೋಗುತ್ತದೆ. ಹಸ್ತದ್ದು ಮಾರ್ಚ್, ಏಪ್ರಿಲ್‌ನಲ್ಲಿ, ಊರೂರಲ್ಲಿ ಶರಬತ್ತಿನ ಗಾಡಿಗಳು ನಿಂತಾಗ ಪೇಟೆ ಸೇರುತ್ತದೆ. ಹೀಗಾಗಿ ಗಿಡಕ್ಕೆ ಮನಸ್ಸಿಲ್ಲದ ಕಾಲದಲ್ಲಿ ಅದರಿಂದ ಹೂ ತೆಗೆಯುವ ಪದ್ಧತಿ ಬೇರೂರಿದೆ. ಅದರ ಲಾಭವನ್ನು ಎಲ್ಲರೂ ಲೆಕ್ಕ ಹಾಕಿದ್ದಾರೆ. ಗಿಡದ ಕಡೆಯ ಲೆಕ್ಕವೂ ಆಗಬೇಕು.

ಹೀಗೆ ಹೂ ತೆಗೆಯಲು ನೀರು ನಿಲ್ಲಿಸಿ ಗಿಡ ಬಾಡಿಸುವುದು ತಿಳಿಗೇಡಿತನವೇನಲ್ಲ. ಚಳಿ ಹೆಚ್ಚಿರುವ ನಾಡುಗಳಲ್ಲಿ ಚಳಿಗಾಲವೇ ಈ ಜಾತಿಯ ಗಿಡಗಳ ಬೆಳವಣಿಗೆ ತಡೆದು ಹೂವಿಗೆ ಸಿದ್ಧಪಡಿಸುತ್ತದೆ. ನಮ್ಮ ಬಯಲುಸೀಮೆಯಲ್ಲಿ ಆ ಕೆಲಸವನ್ನು ನೀರಿನ ಕೊರತೆ ಮಾಡುತ್ತದೆ. ಚಿಗುರುವುದು ನಿಲ್ಲುತ್ತದೆ, ಎಲೆಗಳು ತಯಾರಿಸಿದ ಆಹಾರ ರೆಂಬೆಗಳಲ್ಲಿ ಕೂಡಿಕೊಳ್ಳುತ್ತದೆ, ಮತ್ತೆ ನೀರು ಕಂಡಾಗ ಮೊಗ್ಗು ಒಮ್ಮೆಲೇ ಒಡೆಯುತ್ತದೆ. ಇದನ್ನು ಕಣ್ಣಳತೆಯಲ್ಲೇ ಕಂಡುಕೊಂಡ ಹಿಂದಿನ ರೈತರ ಜಾಣ್ಮೆಗೆ ನನ್ನ ಗೌರವವಿದೆ.

ತೊಡಕು ಇರುವುದು ಹಸ್ತದ ಕಾಲದಲ್ಲಿ. ಗಿಡ ಬಾಡಬೇಕಾದ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ವಿಜಯಪುರ ಜಿಲ್ಲೆಗೆ ಒಳ್ಳೆಯ ಮಳೆ. ಮಡ್ಡಿ ಭೂಮಿಯಲ್ಲಿ ತೇವ ಬೇಗ ಆರುತ್ತದೆ, ಎರೆ ಭೂಮಿ ಮಾತ್ರ ಹಿಡಿದ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಅದಕ್ಕೇ ಔಷಧಿ ಬಂತು. ಜೂನ್‌ನಲ್ಲಿ ಲೀಟರ್ ನೀರಿಗೆ 50 ಮಿಲಿಗ್ರಾಂ ಜಿಬ್ಬರೆಲಿಕ್ ಆಮ್ಲ ಹೊಡೆದರೆ ಮೃಗದ ಹೂವು ತಗ್ಗುತ್ತದೆ, ಸೆಪ್ಟೆಂಬರ್‌ನಲ್ಲಿ 1000 ಪಿಪಿಎಂ ಸೈಕೋಸೆಲ್ ಚಿಗುರನ್ನು ತಡೆಯುತ್ತದೆ, ಅಕ್ಟೋಬರ್‌ನಲ್ಲಿ ಶೇ. 1ರ ಪೊಟ್ಯಾಸಿಯಂ ನೈಟ್ರೇಟ್ ಹೂವನ್ನು ಹೊರಡಿಸುತ್ತದೆ. ಮೂರೂ ಹದವಾಗಿ, ಹೊತ್ತಿಗೆ ಸರಿಯಾಗಿ ಬಿದ್ದರೆ ಕೆಲಸ ಮಾಡುತ್ತವೆ. ಇವು ದುಬಾರಿಯೆನಿಸಿದ ಕಡೆ ಇನ್ನೊಂದು ದಾರಿಯಿದೆ: ಬುಡದ ಮಣ್ಣು ಕೆದರಿ ಬೇರು ಬಿಸಿಲಿಗೆ ಬಿಡುವುದು, ಸಣ್ಣ ಬೇರು ಕಡಿಯುವುದು. ಇದನ್ನು ನಾನು ಒಪ್ಪಲಾರೆ. ಲಿಂಬೆಗೆ ಅನ್ನ ತರುವ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಮಳೆಗಾಲದಲ್ಲಿ ಅವನ್ನು ಗಾಯಗೊಳಿಸಿದರೆ ಫೈಟಾಫ್ತೊರಾ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ. ಆಮೇಲೆ ಕಾಂಡದಿಂದ ಅಂಟು ಸೋರತೊಡಗಿ ತೊಗಟೆ ಕೊಳೆಯುತ್ತದೆ, ಒಂದೊಂದೇ ರೆಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ರೋಗ ಬಂತು ಅನ್ನುತ್ತೇವೆ. ರೋಗವನ್ನು ಕರೆದದ್ದು ನಮ್ಮ ಸಲಿಕೆ.

ಹಸ್ತದ ಮೇಲೆ ನನ್ನ ದೊಡ್ಡ ಆಕ್ಷೇಪ ಇನ್ನೂ ಮುಂದಿನದು. ಹೂವು ಕಚ್ಚಿದ ಮೇಲೆ ಕಾಯಿ ದಪ್ಪವಾಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಅಂದರೆ ಆಕಾಶ ಪುಕ್ಕಟೆ ನೀರು ಕೊಡುವಾಗ ಗಿಡವನ್ನು ಒಣಗಿಸುತ್ತೇವೆ, ಕೊಳವೆಬಾವಿ ಇಳಿಯುವ ಹೊತ್ತಿಗೆ ಅದರ ಮೈತುಂಬ ಕಾಯಿ ಹೊರಿಸುತ್ತೇವೆ. ಬೇಸಿಗೆಯ ದರದ ಬಗ್ಗೆ ಮಾತಾಡುವವರು ಈ ನೀರಿನ ಖರ್ಚನ್ನು ಬದಿಗಿಡುತ್ತಾರೆ. ಭೀಮಾ ನದಿಯ ಹತ್ತಿರದ, ನೀರು ಗಟ್ಟಿಯಿರುವ ತೋಟಕ್ಕೆ ಹಸ್ತ ನಡೆಯುತ್ತದೆ. ಟ್ಯಾಂಕರ್ ನೀರಿನಲ್ಲಿ ಗಿಡ ಬದುಕಿಸಿಕೊಳ್ಳಬೇಕಾದ ತೋಟಕ್ಕೆ ಅದು ಸಲ್ಲದು. ಅಲ್ಲಿ ಮಳೆಗಾಲದ ಅಗ್ಗದ ಕಾಯಿಯೇ ಮೇಲು, ಗಿಡವಾದರೂ ಉಳಿಯುತ್ತದೆ.

ಹೂ ಹೊರಡಿಸುವುದರ ಮೇಲೆ ಇಷ್ಟು ಮುತುವರ್ಜಿ ಇರುವ ಕಡೆಯೇ ದಿನದ ಆರೈಕೆ ಹಿಂದೆ ಬಿದ್ದಿದೆ. ಬುಡಕ್ಕೆ ನೀರು ತಾಗದಂತೆ ಕಾಂಡದ ಸುತ್ತ ಮಣ್ಣು ಏರಿಸಿ, ಅದರಾಚೆ ಉಂಗುರದಂತೆ ಪಾತಿ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮಳೆಗಾಲದ ಮುಂಚೆ ಕಾಂಡಕ್ಕೆ ಎರಡು, ಮೂರು ಅಡಿ ಎತ್ತರದವರೆಗೆ ಬೋರ್ಡೋ ಮುಲಾಮು ಬಳಿಯುವುದೂ ಅಷ್ಟೇ. ಕಾಗ್ಜಿ ಲಿಂಬೆಗೆ ಕಜ್ಜಿ ರೋಗ ಬಲು ಬೇಗ ಹತ್ತುತ್ತದೆ. ಚಿಗುರೆಲೆಯಲ್ಲಿ ರಂಗೋಲಿ ಹುಳು ಕೊರೆದ ಗಾಯದಲ್ಲೇ ಅದರ ಬ್ಯಾಕ್ಟೀರಿಯಾ ನೆಲೆಯೂರುತ್ತದೆ. ಹುಳು ತಡೆಯದೆ, ರೋಗದ ರೆಂಬೆ ಕತ್ತರಿಸಿ ಸುಡದೆ ಹೂ ತರಿಸಿದರೆ ಬರುವುದು ಕಲೆ ಬಿದ್ದ ಕಾಯಿ. ಅದಕ್ಕೆ ಬೇಸಿಗೆಯಲ್ಲೂ ದರವಿಲ್ಲ. ಕೊಯ್ಲು ಮುಗಿದ ಗಿಡಕ್ಕೆ ತಿಪ್ಪೆಗೊಬ್ಬರ ಕೊಡದೆ ಮತ್ತೆ ಬಾಡಿಸುವುದಂತೂ ಉಪವಾಸದ ಮೇಲೆ ಉಪವಾಸ.

ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಹೆಸರು ಬಂದಿರುವ ಕಾಯಿಯ ಗಿಡಗಳು ಅರ್ಧ ಆಯುಷ್ಯಕ್ಕೇ ಒಣಗಬಾರದು. ಮಳೆಗಾಲದ ಕಾಯಿಯನ್ನು ಉಪ್ಪಿನಕಾಯಿಗೆ, ರಸಕ್ಕೆ ಕೊಳ್ಳುವ ವ್ಯವಸ್ಥೆ ಊರ ಹತ್ತಿರ ಬಲವಾದರೆ ಹಸ್ತದ ಮೇಲಿನ ಆಸೆ ತಾನಾಗಿ ಇಳಿಯುತ್ತದೆ. ಸರ್ಕಾರ ಮಾಡಬೇಕಾದ ಮೊದಲ ಕೆಲಸ ಅದು. ಬೆಳೆಗಾರರಲ್ಲಿ ನನ್ನ ಕೋರಿಕೆ ಇಷ್ಟು: ಎಳೆಯ ಗಿಡಗಳನ್ನೂ ಅಂಟು ಸೋರುವ ಗಿಡಗಳನ್ನೂ ಹಸ್ತಕ್ಕೆ ಎಳೆಯಬೇಡಿ. ಬಲಿತು ಗಟ್ಟಿಯಾದ ಗಿಡಗಳಲ್ಲೂ ಅರ್ಧ ತೋಟವನ್ನು ಮಾತ್ರ ಬಾಡಿಸಿ, ಉಳಿದರ್ಧಕ್ಕೆ ಆ ವರ್ಷ ಬಿಡುವು ಕೊಡಿ. ಬೇರಿಗೆ ಸಲಿಕೆ ಹಾಕುವುದನ್ನು ಈ ವರ್ಷದಿಂದಲೇ ಬಿಟ್ಟುಬಿಡಿ.