ಡಬ್ಬಿಯ ತಂತಿ ಮತ್ತು 'ಪಾಪ' ಎನ್ನುವ ವಿಮರ್ಶೆ

2009ರ ಜುಲೈನಲ್ಲಿ ಫ್ರಾನ್ಸಿನ ಬೆಲ್ಫೋರ್ ಎಂಬ ಊರಿನ ಹತ್ತಿರ, ಮಾಲ್ಸೋಸಿ ಕೆರೆಯ ದಂಡೆಯಲ್ಲಿ ನಡೆದ ಯೂರೊಕೇಯೆನ್ ಬಯಲು ಸಂಗೀತೋತ್ಸವದಲ್ಲಿ ಸ್ಟಾಫ್ ಬೆಂಡಾ ಬಿಲಿಲಿ ಎಂಬ ತಂಡ ಹಾಡಿತು. ಕಾಂಗೋ ದೇಶದ ಕಿನ್ಶಾಸಾ ನಗರದ ಬೀದಿಗಳಿಂದ ಹೊರಟ ತಂಡ ಇದು. ಮುಖ್ಯ ಹಾಡುಗಾರರು ಚಿಕ್ಕಂದಿನಲ್ಲೇ ಪೋಲಿಯೊ ಬಡಿದು ಕಾಲು ಕಳೆದುಕೊಂಡವರು. ಮೂರು ಗಾಲಿಯ ಕೈಬಂಡಿಗಳಲ್ಲಿ ಕೂತೇ ವೇದಿಕೆಗೆ ಬಂದವರು. ರೆನೊ ಬಾರೆ ಮತ್ತು ಫ್ಲೋರಾಂ ದ ಲಾ ತುಲಾಯ್ ಎಂಬಿಬ್ಬರು ತೆಗೆದ 'ಬೆಂಡಾ ಬಿಲಿಲಿ!' ಎಂಬ ಸಾಕ್ಷ್ಯಚಿತ್ರದ ಕೊನೆಯ ಭಾಗದಲ್ಲಿ ಈ ಕಚೇರಿ ಇದೆ. 2010ರಲ್ಲಿ ಕಾನ್ ಚಿತ್ರೋತ್ಸವದ ಸಂದರ್ಭದಲ್ಲಿ ಈ ಚಿತ್ರ ತೋರಿಸಲ್ಪಟ್ಟ ಮೇಲೆ ತಂಡದ ಹೆಸರು ಎಲ್ಲೆಲ್ಲೂ ಹಬ್ಬಿತು.

ಹಬ್ಬಿದ್ದು ಹೇಗೆ ಅನ್ನುವುದೇ ನನ್ನ ಪ್ರಶ್ನೆ. ಈ ತಂಡದ ಬಗ್ಗೆ ಬಂದ ಬರಹಗಳನ್ನು ಓದುತ್ತಾ ಹೋದರೆ ಒಂದೇ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಮೊದಲು ಕಾಲು, ಆಮೇಲೆ ಬೀದಿ, ಆಮೇಲೆ ಕಿನ್ಶಾಸಾದ ಮೃಗಾಲಯದ ಸುತ್ತ ಕಳೆದ ದಿನಗಳು, ಆಮೇಲೆ ಕಸದಿಂದ ಮಾಡಿದ ವಾದ್ಯ. ಇಷ್ಟೆಲ್ಲ ಆದ ಮೇಲೆ, ಜಾಗ ಉಳಿದರೆ, ಸಂಗೀತ. ಆ ಸಂಗೀತಕ್ಕೂ 'ಚೈತನ್ಯ', 'ಜೀವನೋತ್ಸಾಹ' ಅನ್ನುವ ಎರಡು ಮಾತು ಸಾಕಾಗುತ್ತದೆ. ಇದು ನಮಗೆ ಗೊತ್ತಿಲ್ಲದ ಭಾಷೆಯೇನಲ್ಲ. 'ಅನುಭವ ಗಟ್ಟಿ, ಕಲೆ ಕಮ್ಮಿ' ಅಂತ ದಲಿತ ಬರಹಕ್ಕೆ ಬೆನ್ನು ತಟ್ಟಿದವರ ಭಾಷೆ ಇದು. ಬೆನ್ನು ತಟ್ಟುವ ಕೈ ಮೇಲೇ ಇರುತ್ತದೆ, ಬೆನ್ನು ಕೆಳಗೇ ಇರುತ್ತದೆ.

ಕಾಲೇಜಿನಲ್ಲಿ ಒಮ್ಮೆ ಈ ಚಿತ್ರವನ್ನು ಎಂ.ಎ. ಹುಡುಗರಿಗೆ ಹಾಕಿದ್ದೆ. ಮುಗಿದ ಕೂಡಲೆ ಒಬ್ಬ 'ಪಾಪ ಸಾರ್' ಅಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಿರುಗಿ, 'ಏನ್ ಪಾಪ? ಆ ಡಬ್ಬಿ ಬಾರ್ಸೋನ್ನ ಸರಿಯಾಗಿ ಕೇಳಿದ್ಯಾ?' ಅಂದಳು. ಅವಳು ಹೇಳಿದ್ದು ವಿಮರ್ಶೆ. ಅದನ್ನೇ ಸ್ವಲ್ಪ ಬೆಳೆಸಬೇಕು.

ಡಬ್ಬಿ ಬಾರಿಸುವವನ ಹೆಸರು ರೋಜರ್ ಲಾಂಡು. ಬೀದಿಯ ಹುಡುಗನಾಗಿ ತಂಡಕ್ಕೆ ಬಂದವನು. ಅವನ ವಾದ್ಯದ ಹೆಸರು ಸಟೊಂಗೆ. ಒಂದು ತಗಡಿನ ಡಬ್ಬಿ, ಅದಕ್ಕೆ ಸಿಕ್ಕಿಸಿದ ಬಾಗಿದ ಕೋಲು, ನಡುವೆ ಒಂದೇ ಒಂದು ತಂತಿ. ಕೋಲನ್ನು ಒತ್ತಿ ಸಡಿಲಿಸಿ ತಂತಿಯ ಬಿಗಿ ಬದಲಿಸುತ್ತಾನೆ. ಸ್ವರ ಜಾರುತ್ತದೆ, ಏರುತ್ತದೆ, ಕೀರಲು ದನಿಯಲ್ಲಿ ಗಿಟಾರುಗಳ ನೆತ್ತಿಯ ಮೇಲೆ ಹಾರಾಡುತ್ತದೆ. ಮೆಟ್ಟಿಲಿಲ್ಲ, ಗುರುತಿಲ್ಲ, ಎಲ್ಲ ಕಿವಿಯ ಲೆಕ್ಕ. ಇದನ್ನು 'ಕಸದಿಂದ ರಸ' ಅಂದುಬಿಟ್ಟರೆ ಡಬ್ಬಿಯ ಬಗ್ಗೆ ಹೇಳಿದಂತಾಯಿತೇ ಹೊರತು ಆ ಕಿವಿಯ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ನಮ್ಮ ಹಲಗೆಯ ವಿಷಯದಲ್ಲೂ ಹೀಗೇ. ತೊಗಲು ಹದ ಮಾಡುವುದು, ಬೆಂಕಿಗೆ ಹಿಡಿದು ಎಷ್ಟು ಕಾದರೆ ಸಾಕು ಅಂತ ಬೆರಳಲ್ಲಿ ತಿಳಿಯುವುದು ವಿದ್ಯೆ. ಅದನ್ನು 'ಆಕ್ರೋಶದ ದನಿ' ಅಂತ ಮಾತ್ರ ಬರೆದು ನಾವೂ ಎಷ್ಟು ಸಲ ಕೈತೊಳೆದುಕೊಂಡಿಲ್ಲ!

ಇನ್ನೊಂದು ಮಾತು. ಈ ತಂಡ ಬಾನಿಂದ ಉದುರಿದ್ದಲ್ಲ. ಅದರ ಹಿಂದೆ ಕಾಂಗೋದ ರುಂಬಾ ಇದೆ. ಗುಲಾಮರಾಗಿ ಹಡಗು ಹತ್ತಿದವರ ಲಯ ಕ್ಯೂಬಾದಲ್ಲಿ ಬೇರೆ ರೂಪ ತಾಳಿ, ಗ್ರಾಮಾಫೋನ್ ತಟ್ಟೆಗಳಲ್ಲಿ ಕಾಂಗೋ ನದಿಯ ದಡಕ್ಕೆ ವಾಪಸು ಬಂದು ಹುಟ್ಟಿದ ಸಂಗೀತ ಅದು. 1960ರಲ್ಲಿ ಬೆಲ್ಜಿಯಂನ ಹಿಡಿತದಿಂದ ದೇಶ ಬಿಡುಗಡೆಯಾದಾಗ ಗ್ರ್ಯಾಂಡ್ ಕಾಲೆಯ 'ಆಫ್ರಿಕನ್ ಜಾಝ್' ತಂಡ ಹಾಡಿದ್ದೂ ಈ ಧಾಟಿಯಲ್ಲೇ. ಫ್ರಾಂಕೊ ಕಟ್ಟಿ ಬೆಳೆಸಿದ್ದೂ ಇದನ್ನೇ. 2021ರಲ್ಲಿ ಯುನೆಸ್ಕೊ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಹಾಡು ಮೊದಲು ನಿಧಾನ ನಡೆಯುತ್ತದೆ, ಆಮೇಲೆ 'ಸೆಬೆನ್' ಅನ್ನುವ ಭಾಗದಲ್ಲಿ ಗಿಟಾರುಗಳು ಓಟ ಕೀಳುತ್ತವೆ. ಕಷ್ಟದ ಕತೆಯನ್ನಷ್ಟೇ ಕೇಳುವವರಿಗೆ ಈ ಪರಂಪರೆ ಬೇಡ. ಪರಂಪರೆ ಇರುವವರ ಮುಂದೆ 'ಪಾಪ' ಅನ್ನಲು ನಾಲಿಗೆ ಏಳುವುದಿಲ್ಲವಲ್ಲ! ಕೈಬಂಡಿಗಳ ಕತೆಯೂ ಹೀಗೇ. ಕಿನ್ಶಾಸಾ ಮತ್ತು ಬ್ರಾಜಾವಿಲ್ ನಡುವೆ ಓಡುವ ದೋಣಿಯಲ್ಲಿ ಸುಂಕದ ರಿಯಾಯಿತಿ ಪಡೆದು ಸರಕು ಸಾಗಿಸಿ ಬದುಕು ಕಟ್ಟಿಕೊಂಡ ಅಂಗವಿಕಲ ವ್ಯಾಪಾರಿಗಳ ಬಂಡಿಗಳೂ ಇಂಥವೇ. ಭಿಕ್ಷೆಯ ಗುರುತು ಅಂತ ನೋಡುವವನ ಕಣ್ಣಿಗೆ ದುಡಿಮೆ ಕಾಣುವುದಿಲ್ಲ.

ಅವರ ಮೊದಲ ಧ್ವನಿಮುದ್ರಿಕೆ 'ತ್ರೇ ತ್ರೇ ಫೋರ್' 2009ರಲ್ಲಿ ಬಂತು. ಬೆಲ್ಜಿಯಂನ ವಿನ್ಸೆಂಟ್ ಕೆನಿಸ್ ಅದನ್ನು ಬಹುಪಾಲು ಮೃಗಾಲಯದ ಬಯಲಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮುದ್ರಿಸಿದ. ಅದರಲ್ಲಿ 'ಪೋಲಿಯೊ' ಅನ್ನುವ ಹಾಡಿದೆ: ಮಕ್ಕಳಿಗೆ ಲಸಿಕೆ ಹಾಕಿಸಿ ಅಂತ ತಾಯಿತಂದೆಯರಿಗೆ ಹೇಳುವ ಹಾಡು. ಅದು ಯಾರ ಕರುಣೆಯನ್ನೂ ಬೇಡುವುದಿಲ್ಲ, ತನ್ನ ಜನಕ್ಕೆ ಬುದ್ಧಿ ಹೇಳುತ್ತದೆ. ಆದರೆ ಲಿಂಗಾಲ ತಿಳಿಯದ, ಲಸಿಕೆಗೆ ಕೊರತೆಯಿಲ್ಲದ ಯುರೋಪಿನ ಮೈದಾನದಲ್ಲಿ ಇಂಥ ಹಾಡಿಗೆ ಏನಾಗುತ್ತದೆ? ಜನ ಕುಣಿಯುತ್ತಾರೆ. ಕುಣಿಯುವುದು ತಪ್ಪಲ್ಲ, ಕುಣಿಸಲೆಂದೇ ಕಟ್ಟಿದ ಸಂಗೀತ. ಆದರೆ ಯಾರಿಗೆ ಹೇಳಿದ ಮಾತು ಯಾರ ಸಂಜೆಯ ಸಂತೋಷವಾಯಿತು ಅಂತ ಕೇಳಬೇಕಾಗುತ್ತದೆ. ಕೇರಿಗೆಂದು ಕಟ್ಟಿದ ನಮ್ಮ ಹೋರಾಟದ ಹಾಡುಗಳು ನಗರದ ಸಭಾಂಗಣದಲ್ಲಿ ಚಪ್ಪಾಳೆ ಗಿಟ್ಟಿಸುವಾಗಲೂ ಈ ಪ್ರಶ್ನೆ ಇದ್ದೇ ಇದೆ. ಹಾಗಂತ ಅವರು ಬೆಲ್ಫೋರಿಗೆ ಹೋಗಬಾರದಿತ್ತು ಅನ್ನಲು ನಾನು ಯಾರು? ಸಂಭಾವನೆ ಪಡೆದು ಹಾಡುವುದು ಅವರ ಹಕ್ಕು. ಬಡವರ ಕಲೆ 'ಶುದ್ಧ'ವಾಗಿ ಊರಲ್ಲೇ ಉಳಿಯಲಿ ಅನ್ನುವವರು ತಾವು ಮಾತ್ರ ಊರು ಬಿಟ್ಟಿರುತ್ತಾರೆ.

'ಬೆಂಡಾ ಬಿಲಿಲಿ' ಅಂದರೆ ತೋರಿಕೆಯ ಆಚೆ ನೋಡು ಅಂತ. ತಮ್ಮನ್ನು ಹೇಗೆ ನೋಡುತ್ತಾರೆ ಅನ್ನುವುದು ರಿಕಿ ಲಿಕಾಬು ಮತ್ತು ಸಂಗಡಿಗರಿಗೆ ಚೆನ್ನಾಗಿ ಗೊತ್ತಿತ್ತು. ಹೆಸರಲ್ಲೇ ಉತ್ತರ ಇಟ್ಟಿದ್ದರು. ಆದರೂ ಮಾರುಕಟ್ಟೆ ತೋರಿಕೆಯನ್ನೇ ಮಾರಿತು. 2013ರಲ್ಲಿ ಮುಖ್ಯ ಹಾಡುಗಾರರಾದ ಕೊಕೊ ಎನ್‌ಗಂಬಾಲಿ ಮತ್ತು ಥಿಯೊ ಎನ್‌ಜೊಂಜಾ ತಂಡ ಬಿಟ್ಟರು. 2015ರಲ್ಲಿ 'ಎಂಬೊಂಗ್ವಾನಾ ಸ್ಟಾರ್' ಎಂಬ ಹೊಸ ತಂಡದೊಂದಿಗೆ 'ಫ್ರಮ್ ಕಿನ್ಶಾಸಾ' ತಂದರು. ಎಂಬೊಂಗ್ವಾನಾ ಅಂದರೆ ಬದಲಾವಣೆ. ಇಲ್ಲಿ ರುಂಬಾದ ಸಿಹಿ ಕಡಿಮೆ. ಒಡೆದ ದನಿ, ಗೊರಗುಟ್ಟುವ ಬಾಸ್, ಯಂತ್ರದ ಸದ್ದು. ಒಂದು ಹಾಡಿನ ಹೆಸರಲ್ಲಿ ಕಿನ್ಶಾಸಾದಿಂದ ಚಂದ್ರನಿಗೇ ದಾರಿ ಇದೆ. ಕೆಲವು ಕಡೆ ಸದ್ದು ಹಾಡನ್ನು ನುಂಗಿಬಿಡುತ್ತದೆ ಅನ್ನುವುದು ನನ್ನ ತಕರಾರು. ಈ ತಕರಾರನ್ನು ಎತ್ತುವಾಗ ಯಾರ ಕಾಲಿನ ನೆನಪೂ ನನಗೆ ಬರಲಿಲ್ಲ. ಮುಂದಿನ ಟರ್ಮಿನಲ್ಲಿ ಹುಡುಗರಿಗೆ ಇದನ್ನೇ ಕೇಳಿಸಬೇಕು ಅಂತಿದ್ದೇನೆ, ಚಿತ್ರ ಹಾಕದೆ.